ಮೊದಲು ಪ್ಲಗ್ ಬಿಚ್ಚಿ, ಕಿಕ್ ಆಮೇಲೆ

ಜಕ್ಕಲಿ, ನರೇಗಲ್, ಅಬ್ಬಿಗೇರಿ ಕಡೆಯ ಹಳೆಯ ಮನೆಗಳ ಹಿತ್ತಲಲ್ಲಿ, ಪತ್ರಾಸಿನ ಕೆಳಗೋ ಕಣಿಕೆ ಒಟ್ಟುವ ಮೂಲೆಯಲ್ಲೋ ಒಂದು ಯೆಜ್ಡಿ ನಿಂತಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಅಪ್ಪ ಓಡಿಸಿದ್ದು, ಆಮೇಲೆ ಕಾಕಾ ಓಡಿಸಿದ್ದು, ಮನೆಗೆ ಹೀರೊ ಹೊಂಡಾ ಬಂದ ಮೇಲೆ ಯಾರೂ ಮುಟ್ಟದೆ ಬಿಟ್ಟದ್ದು. ಜಾತ್ರೆಗೋ ದೀಪಾವಳಿಗೋ ಊರಿಗೆ ಬಂದ ಮಗನಿಗೆ ಒಂದು ದಿನ ಅದರ ಮೇಲೆ ಮನಸ್ಸಾಗುತ್ತದೆ. ಧೂಳು ಒರೆಸುತ್ತಾನೆ, ಬಾಟಲಿಯಲ್ಲಿ ಪೆಟ್ರೋಲ್ ತಂದು ಸುರಿಯುತ್ತಾನೆ, ಕಿಕ್ ಹೊಡೆಯಲು ಶುರು ಮಾಡುತ್ತಾನೆ. ಇಪ್ಪತ್ತು ವರ್ಷ ಸುಮ್ಮನೆ ನಿಂತದ್ದರಿಂದ ಆಗದ ಹಾನಿ ಆ ಹತ್ತು ನಿಮಿಷದಲ್ಲಿ ಆಗುತ್ತದೆ.

ನಿಂತುಹೋದ ಎಂಜಿನ್ ಬಹುತೇಕ ಸತ್ತಿರುವುದಿಲ್ಲ. ಅದರಲ್ಲೂ ಯೆಜ್ಡಿಯಂಥ ಟು-ಸ್ಟ್ರೋಕ್ ಎಂಜಿನ್ ಸಾಯುವುದು ಕಷ್ಟ. ಅದರಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಆಯಿಲ್ ಪಂಪ್ ಇಲ್ಲ. 65 ಮಿಲಿಮೀಟರ್ ಬೋರು, 75 ಮಿಲಿಮೀಟರ್ ಸ್ಟ್ರೋಕಿನ ಒಂದೇ ಸಿಲಿಂಡರ್, ಅದರೊಳಗೆ ಒಂದು ಪಿಸ್ಟನ್, ಕೆಳಗೊಂದು ಕ್ರ್ಯಾಂಕ್. ಓಡುವ ಭಾಗಗಳನ್ನು ಬೆರಳ ಮೇಲೆ ಎಣಿಸಬಹುದು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಚೆಕ್ ಮೂಲದ ಈ ಎಂಜಿನ್ನನ್ನು 1961ರಿಂದ ಜಾವಾ ಹೆಸರಿನಲ್ಲಿ, 1973ರಿಂದ ಯೆಜ್ಡಿ ಹೆಸರಿನಲ್ಲಿ ಮಾಡಿತು. ಮೂಲ ರಚನೆಯನ್ನು ಹೆಚ್ಚು ಬದಲಿಸಲೂ ಇಲ್ಲ. 1985ರಲ್ಲಿ ಹೀರೊ ಹೊಂಡಾದ ನೂರು ಸಿಸಿ ಫೋರ್-ಸ್ಟ್ರೋಕ್ ಬಂದಿತು. 1991ರಲ್ಲಿ ಬಂದ ಹೊಗೆ ನಿಯಮಗಳು 1996ರಲ್ಲಿ ಇನ್ನಷ್ಟು ಬಿಗಿಯಾದವು. ಕಾರ್ಖಾನೆ ಬಾಗಿಲು ಹಾಕಿದ್ದೂ ಅದೇ 1996ರಲ್ಲಿ. ಹಿತ್ತಲಲ್ಲಿರುವ ಗಾಡಿ ಎಷ್ಟೇ ಹೊಸದೆಂದರೂ ಅದಕ್ಕಿಂತ ಈಚಿನದಾಗಿರಲಾರದು.

ಹಾಗಾದರೆ ಕಿಕ್ ಹೊಡೆದರೆ ತಪ್ಪೇನು? ಫೋರ್-ಸ್ಟ್ರೋಕ್ ಎಂಜಿನ್‌ನ ತಳದಲ್ಲಿ ಆಯಿಲ್ ನಿಂತಿರುತ್ತದೆ. ಟು-ಸ್ಟ್ರೋಕ್‌ನಲ್ಲಿ ಹಾಗಿಲ್ಲ. ಕ್ರ್ಯಾಂಕಿನ ಬೇರಿಂಗಿಗೂ ಪಿಸ್ಟನ್ನಿಗೂ ಸಿಗುವ ಎಣ್ಣೆಯೆಲ್ಲ ಪೆಟ್ರೋಲಿನಲ್ಲಿ ಬೆರೆತು ಬರುವುದೇ. ವರ್ಷಗಟ್ಟಲೆ ನಿಂತ ಎಂಜಿನ್ ಒಳಗೆ ಪೆಟ್ರೋಲ್ ಆರಿಹೋಗಿ, ಉಳಿದ ಎಣ್ಣೆ ಮಂದವಾಗಿ ಅಂಟಿಕೊಂಡಿರುತ್ತದೆ. ಒಣ ಬೇರಿಂಗ್, ಒಣ ಬೋರು, ಅದರ ಮೇಲೆ ನಿಮ್ಮ ಪೂರ್ತಿ ಭಾರದ ಕಿಕ್. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಎಂಜಿನ್ ನಿಲ್ಲುವಾಗ ಪಿಸ್ಟನ್ ಎಲ್ಲಿ ನಿಂತಿತು ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಎಕ್ಸಾಸ್ಟ್ ಪೋರ್ಟ್ ತೆರೆದಂತೆ ನಿಂತಿದ್ದರೆ ಸೈಲೆನ್ಸರಿನ ಬಾಯಿಂದ ಬೋರಿನವರೆಗೆ ನೇರ ದಾರಿ. ಪ್ರತಿ ಮಳೆಗಾಲದ ತೇವ ಅದೇ ದಾರಿಯಲ್ಲಿ ಒಳಗೆ ಹೋಗಿ ಬೋರಿನ ಒಂದು ಪಟ್ಟಿಯಷ್ಟು ಜಾಗಕ್ಕೆ ತುಕ್ಕು ಹಿಡಿಸಿರುತ್ತದೆ. ಒದ್ದಾಗ ರಿಂಗು ಆ ತುಕ್ಕಿನ ಮೇಲೆ ಕೆರೆದುಕೊಂಡು ಹೋಗುತ್ತದೆ. ತುಂಡಾದರೆ ಪೋರ್ಟಿನ ಅಂಚಿಗೆ ಸಿಕ್ಕು ಬೋರನ್ನೂ ಪಿಸ್ಟನ್ನನ್ನೂ ಕೂಡಿಯೇ ಕೆಡಿಸುತ್ತದೆ.

ನಮ್ಮ ಎರೆ ಸೀಮೆಗೆ ಇಲ್ಲೊಂದು ಲಾಭವೂ ಇದೆ. ಮಲೆನಾಡಿನಲ್ಲಿ ಐದು ವರ್ಷ ನಿಂತ ಗಾಡಿಗಿಂತ ರೋಣ ತಾಲ್ಲೂಕಿನಲ್ಲಿ ಹದಿನೈದು ವರ್ಷ ನಿಂತದ್ದರ ಒಳಗು ಚೆನ್ನಾಗಿರಬಹುದು. ಒಣ ಹವೆ, ಮಳೆ ಕಡಿಮೆ. ಇಲ್ಲಿಯ ಶತ್ರುಗಳೇ ಬೇರೆ. ಒಂದು, ಎರೆಮಣ್ಣಿನ ಹಿಟ್ಟಿನಂಥ ಧೂಳು. ಇನ್ನೊಂದು, ಇಲಿ. ಕಡಲೆ, ಜೋಳ, ಹೆಸರು ಇಟ್ಟ ಕೋಣೆಯ ಪಕ್ಕದಲ್ಲಿ ಗಾಡಿ ನಿಂತಿದ್ದರೆ ಏರ್ ಫಿಲ್ಟರಿನ ಡಬ್ಬಿಯೊಳಗೆ ಒಂದು ಸಂಸಾರ ಇದ್ದೇ ಇರುತ್ತದೆ ಎಂದುಕೊಂಡು ಕೆಲಸಕ್ಕೆ ಕೂಡಬೇಕು. ಹೊಟ್ಟು, ಅರಿವೆ ಚೂರು, ಕಡಲೆ ಸಿಪ್ಪೆ ತುಂಬಿರುತ್ತವೆ. ವೈರಿನ ಮೇಲಿನ ರಬ್ಬರ್ ಹೋಗಿರುತ್ತದೆ. ಡಬ್ಬಿಯ ಕಸ ತೆಗೆಯದೆ ಸ್ಟಾರ್ಟ್ ಮಾಡಿದರೆ ಅದೆಲ್ಲ ಕಾರ್ಬೋರೇಟರ್ ದಾಟಿ ಎಂಜಿನ್ನಿಗೆ ಹೋಗುತ್ತದೆ.

ಆದ್ದರಿಂದ ಮೊದಲ ಕೆಲಸ ಪ್ಲಗ್ ಬಿಚ್ಚುವುದು. ಅದಕ್ಕೂ ಮೊದಲು ಪ್ಲಗ್ಗಿನ ಸುತ್ತಲಿನ ಗುಳಿಯನ್ನು ಸೈಕಲ್ ಪಂಪಿನಿಂದ ಊದಿ ಚೊಕ್ಕ ಮಾಡಬೇಕು. ಆ ಗುಳಿಯಲ್ಲಿ ಗಟ್ಟಿಯಾಗಿ ಕೂತ ಮಣ್ಣು ಪ್ಲಗ್ ಹೊರಬಂದ ಕೂಡಲೇ ಸಿಲಿಂಡರಿನೊಳಕ್ಕೆ ಬೀಳುತ್ತದೆ, ಬಿದ್ದ ಮೇಲೆ ಹೆಡ್ ಬಿಚ್ಚದೆ ತೆಗೆಯಲಾಗದು. ಪ್ಲಗ್ ಬಿಗಿಯಾಗಿದ್ದರೆ ಬುಡಕ್ಕೆ ಒಂದಿಷ್ಟು ಡೀಸೆಲ್ ಬಿಟ್ಟು ರಾತ್ರಿಯಿಡೀ ಬಿಡಿ. ಹೆಡ್ ಅಲ್ಯೂಮಿನಿಯಮ್‌ದು, ಜೋರು ಮಾಡಿದರೆ ಪ್ಲಗ್ಗಿನ ಜೊತೆಗೆ ಆಟಿಯೂ ಹೊರಬರುತ್ತದೆ.

ಪ್ಲಗ್ ತೂತಿನಿಂದ ಟಾರ್ಚ್ ಬಿಟ್ಟು ನೋಡಿದರೆ ಪಿಸ್ಟನ್ನಿನ ತಲೆ ಕಾಣುತ್ತದೆ. ಕಪ್ಪಾಗಿ ಮಸಿ ಹಿಡಿದಿದ್ದರೆ ಒಳ್ಳೆಯದು, ಕೆಂಪು ತುಕ್ಕು ಕಂಡರೆ ಸ್ವಲ್ಪ ತಾಳ್ಮೆ ಬೇಕು. ಟು-ಟಿ ಆಯಿಲ್ ಅರ್ಧ, ಡೀಸೆಲ್ ಅರ್ಧ ಬೆರೆಸಿ ಮೂರ್ನಾಲ್ಕು ಚಮಚ ಒಳಗೆ ಬಿಟ್ಟು, ತೂತಿಗೆ ಶುದ್ಧ ಅರಿವೆ ತುರುಕಿ ಒಂದೆರಡು ದಿನ ಮರೆತುಬಿಡಿ. ಹೆಚ್ಚು ಸುರಿದರೆ ಹೆಚ್ಚು ಲಾಭವಿಲ್ಲ, ಅದು ಪೋರ್ಟಿನಿಂದ ಇಳಿದು ಕ್ರ್ಯಾಂಕ್ ಕೇಸಿನಲ್ಲಿ ನಿಲ್ಲುತ್ತದೆ ಅಷ್ಟೆ.

ತಿರುಗಿಸುವುದನ್ನೂ ಕಿಕ್ಕಿನಿಂದ ಮಾಡಬಾರದು. ಬಲಬದಿಯ ಕವರ್ ಬಿಚ್ಚಿದರೆ ಡೈನಮೋ ಕಾಣುತ್ತದೆ, ಅದರ ನಟ್ಟನಡುವೆ ಒಂದು ಬೋಲ್ಟ್ ಇದೆ. ಅದಕ್ಕೆ ಪಾನಾ ಹಾಕಿ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ, ಅಂದರೆ ಗಾಡಿ ಮುಂದೆ ಹೋಗುವಾಗ ಚಕ್ರ ತಿರುಗುವ ದಿಕ್ಕಿಗೆ, ಮೆಲ್ಲಗೆ ಒತ್ತಿ ನೋಡಬೇಕು. ಕೂದಲೆಳೆಯಷ್ಟು ಅಲುಗಿದರೂ ಅರ್ಧ ಕೆಲಸ ಆದಂತೆಯೇ. ಅಲುಗಿದಷ್ಟೇ ತಿರುಗಿಸಿ, ಹಿಂದೆ ತನ್ನಿ, ಮತ್ತೆ ಎಣ್ಣೆ, ಮತ್ತೆ ಮುಂದೆ. ಪಾನಾ ಸಿಗದವರು ಗಾಡಿಯನ್ನು ನಡು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ನಾಲ್ಕನೇ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಿಂದ ಹಿಂದೆ ಮುಂದೆ ತೂಗಿ ಇದೇ ಕೆಲಸ ಮಾಡಬಹುದು.

ಏನು ಮಾಡಿದರೂ ಅಲುಗದಿದ್ದರೆ ಪಿಸ್ಟನ್ ಜಾಮ್ ಆಗಿದೆ ಎಂದು ತಿಳಿಯಬೇಕು. ಆಗ ಉದ್ದನೆಯ ಪೈಪು ಹಾಕಿ ಎಳೆಯುವುದು, ಸುತ್ತಿಗೆ ಹಿಡಿಯುವುದು ಬೇಡ. ಬೀಡಿನ ಸಿಲಿಂಡರಿನ ಮೇಲೆ ಹೊರಗಿನಿಂದ ಬಿಸಿ ನೀರು ಸುರಿದರೆ ಒಳಗಿನ ಪಿಸ್ಟನ್ನಿಗಿಂತ ಮೊದಲು ಸಿಲಿಂಡರ್ ಹಿಗ್ಗುತ್ತದೆ, ಅಷ್ಟರಲ್ಲಿ ಎಣ್ಣೆ ಸಂದಿಗೆ ಇಳಿಯುತ್ತದೆ. ಎರಡು ಮೂರು ಸಲ ಹೀಗೆ ಮಾಡಿಯೂ ಬಿಡದಿದ್ದರೆ ಹೆಡ್ಡಿನ ನಾಲ್ಕು ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ ಹೆಡ್ ಎತ್ತಿ, ಪಿಸ್ಟನ್ನಿನ ಮೇಲೆ ಕಟ್ಟಿಗೆ ತುಂಡು ಇಟ್ಟು ಮೆಲ್ಲಗೆ ಬಡಿಯಬೇಕಾಗುತ್ತದೆ. ಬಿಟ್ಟ ಮೇಲೆ ಬೋರಿನ ಮೇಲೆ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಇದ್ದರೆ ಅದು ಮನೆಯ ಕೆಲಸವಲ್ಲ, ಸಿಲಿಂಡರನ್ನು ಗದಗಿಗೋ ಹುಬ್ಬಳ್ಳಿಗೋ ಒಯ್ದು ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಬೇಕು. ಉಗುರು ಜಾರಿದರೆ ಹಾಗೆಯೇ ಮುಚ್ಚಿ.

ಸರಾಗವಾಗಿ ತಿರುಗಿದ ಮೇಲೆ ಪ್ಲಗ್ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು, ಈಗ ಬೇಕಾದರೆ ಕಿಕ್ಕನ್ನೇ ಕೈಯಿಂದ ತಳ್ಳಿ. ಹೆಬ್ಬೆರಳನ್ನು ಪುಸ್ ಎಂದು ಎತ್ತಿ ಒಗೆಯುವಷ್ಟು ಗಾಳಿ ಬಂದರೆ ಕಂಪ್ರೆಶನ್ ಇದೆ. ಯೆಜ್ಡಿಯ ಗೇರ್ ಲಿವರೇ ಕಿಕ್ ಲಿವರ್ ಎಂಬುದು ಹಳಬರಿಗೆ ಗೊತ್ತು. ಹೊಸ ಹುಡುಗರು ಕಿಕ್ ಎಲ್ಲಿ ಎಂದು ಬಲಬದಿಯಲ್ಲಿ ಹುಡುಕುತ್ತಾರೆ. ಎಡಬದಿಯ ಗೇರ್ ಲಿವರನ್ನು ಎಂಜಿನ್ ಕಡೆಗೆ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ ಆಗುತ್ತದೆ.

ಇನ್ನು ಕಿಡಿ. ಪಾಯಿಂಟಿನ ಯೆಜ್ಡಿಗೆ ಕಿಡಿ ಹುಟ್ಟಿಸಲು 6 ವೋಲ್ಟಿನ ಬ್ಯಾಟರಿ ಬೇಕು. ಹಳೆಯದರ ಮೇಲೆ ಆಸೆ ಇಡುವುದರಲ್ಲಿ ಅರ್ಥವಿಲ್ಲ, ಹೊಸದು ತನ್ನಿ. ಕಡೆಕಡೆಯ ಕೆಲವು ಮಾಡೆಲ್‌ಗಳಲ್ಲಿ ಪಾಯಿಂಟ್ ಬದಲು ಸಿಡಿಐ ಇದೆ, ಅವುಗಳ ಲೆಕ್ಕ ಬೇರೆ. ಪಾಯಿಂಟ್ ಇರುವುದು ಡೈನಮೋ ಇರುವ ಬಲಬದಿಯಲ್ಲೇ. ವರ್ಷಗಟ್ಟಲೆ ನಿಂತಾಗ ಅದರ ಎರಡು ಚುಕ್ಕೆಗಳ ಮೇಲೆ ಬೂದುಬಣ್ಣದ ಪೊರೆ ಕೂಡುತ್ತದೆ. ಕಣ್ಣಿಗೆ ಏನೂ ಕಾಣದಿದ್ದರೂ ಕರೆಂಟು ದಾಟುವುದಿಲ್ಲ. ಕಿಡಿಯೇ ಇಲ್ಲ, ಕಾಯಿಲ್ ಹೋಗಿದೆ ಎಂದು ಹೊಸ ಕಾಯಿಲ್ ತಂದವರಲ್ಲಿ ಎಷ್ಟೋ ಮಂದಿಗೆ ಬೇಕಾಗಿದ್ದದ್ದು ಅತಿ ಸಣ್ಣ ಎಮರಿ ಕಾಗದದ ಒಂದು ಚೂರು. ಅದನ್ನು ಮಡಚಿ ನಡುವೆ ಎರಡು ಸಲ ಎಳೆದು, ಆಮೇಲೆ ಪೆಟ್ರೋಲಿನಲ್ಲಿ ಅದ್ದಿದ ಬಿಳಿ ಕಾಗದ ಎಳೆಯಿರಿ. ಕಾಗದದ ಮೇಲೆ ಕಪ್ಪು ಗೆರೆ ಬರುವುದು ನಿಲ್ಲುವವರೆಗೂ ಎಳೆಯಬೇಕು. ಬಳಿಕ ಪಾಯಿಂಟ್ ಪೂರ್ತಿ ತೆರೆದಾಗ ನಡುವಿನ ಅಂತರ 0.4 ಮಿಲಿಮೀಟರ್ ಇಡಬೇಕು. ಫೀಲರ್ ಗೇಜ್ ಪಟ್ಟಿ ತುಸು ಹಿಡಿದಂತಾಗಿ ಜಾರಿದರೆ ಸರಿ.

ಪ್ಲಗ್ಗಿಗೆ ಕ್ಯಾಪ್ ಹಾಕಿ, ಅದರ ಮೈ ಹೆಡ್ಡಿನ ಲೋಹಕ್ಕೆ ತಗಲುವಂತೆ ಇಟ್ಟು ಕಿಕ್ ತಳ್ಳಿ. ಪ್ಲಗ್ ತೂತಿನಿಂದ ದೂರ ಇರಲಿ, ಒಳಗೆ ಪೆಟ್ರೋಲಿನ ಹಬೆ ಇದ್ದರೆ ಬೆಂಕಿ ಹತ್ತಬಹುದು. ನೀಲಿ ಕಿಡಿ ಚಟಚಟ ಎಂದರೆ ಮುಂದಕ್ಕೆ ಹೋಗಬಹುದು. ಹಳದಿಯಾಗಿ ಸೋತಂತಿದ್ದು, ಪಾಯಿಂಟಿನಲ್ಲೇ ದೊಡ್ಡ ಕಿಡಿ ಹಾರುತ್ತಿದ್ದರೆ ಕಂಡೆನ್ಸರ್ ಬದಲಿಸಿ. ಪ್ಲಗ್ ಅಂತೂ ಹೊಸದೇ ಇರಲಿ, ಅದರ ಅಂತರ 0.6 ಮಿಲಿಮೀಟರ್.

ಕಿಡಿಗಿಂತ ಹೆಚ್ಚು ಹೊತ್ತು ತಿನ್ನುವುದು ಪೆಟ್ರೋಲಿನ ದಾರಿ. ಟಾಕಿಯ ಮುಚ್ಚಳ ತೆಗೆದು ಮೂಸಿ ನೋಡಿ. ಪೆಟ್ರೋಲಿನ ವಾಸನೆಯ ಬದಲು ವಾರ್ನಿಷಿನ ಹುಳಿ ವಾಸನೆ ಬಂದರೆ ಒಳಗಿರುವುದು ಪೆಟ್ರೋಲ್ ಅಲ್ಲ, ಅಂಟು. ಎಲ್ಲವನ್ನೂ ಸುರಿದು ತೆಗೆದು, ಕಾಕ್ ಬಿಚ್ಚಿ, ಟಾಕಿಯನ್ನು ಗಾಡಿಯಿಂದ ಇಳಿಸಿ. ತುಕ್ಕು ತೆಗೆಯಲು ಜಲ್ಲಿಕಲ್ಲು ಹಾಕಿ ಅಲುಗಾಡಿಸುವುದು ಹಳೆಯ ಪದ್ಧತಿ. ಕಿರಾಣಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಮೊದಲು ಸಾಬೂನು ಪುಡಿಯ ನೀರಿನಿಂದ ಎಣ್ಣೆ ಜಿಡ್ಡು ಹೋಗುವಂತೆ ತೊಳೆಯಿರಿ, ಜಿಡ್ಡಿನ ಮೇಲೆ ಹುಳಿ ಹಿಡಿಯುವುದಿಲ್ಲ. ಆಮೇಲೆ ಲೀಟರ್ ಬಿಸಿ ನೀರಿಗೆ 100 ಗ್ರಾಂ ಲೆಕ್ಕದಲ್ಲಿ ನಿಂಬೆ ಉಪ್ಪು ಕರಗಿಸಿ, ಟಾಕಿ ಪೂರ್ತಿ ತುಂಬಿಸಿ, ಮುಚ್ಚಳ ಹಾಕದೆ ಒಂದು ರಾತ್ರಿ ಬಿಡಿ. ಹೊರಗಿನ ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ಒರೆಸಿ. ಬೆಳಿಗ್ಗೆ ನೀರು ಹಸಿರು-ಕಪ್ಪಾಗಿರುತ್ತದೆ, ತಗಡು ಬೂದುಬಣ್ಣಕ್ಕೆ ತಿರುಗಿರುತ್ತದೆ. ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಬಿಸಿಲಿಗೆ ಬೋರಲು ಹಾಕಿ ಒಣಗಿಸಿ, ಒಣಗಿದ ಕ್ಷಣವೇ ಒಂದು ಬಟ್ಟಲು ಪೆಟ್ರೋಲ್ ಮತ್ತು ಟು-ಟಿ ಆಯಿಲ್ ಹಾಕಿ ಎಲ್ಲ ಕಡೆ ಹರಿಯುವಂತೆ ಹೊರಳಾಡಿಸಬೇಕು. ಈ ಕೊನೆಯದನ್ನು ನಾಳೆ ಮಾಡೋಣ ಎಂದು ಬಿಟ್ಟರೆ ಬೆತ್ತಲೆ ತಗಡಿನ ಮೇಲೆ ಸಂಜೆಯೊಳಗೆ ಹೊಸ ತುಕ್ಕು ಬಂದಿರುತ್ತದೆ.

ಕಾರ್ಬೋರೇಟರಿನ ತಳದ ಬಟ್ಟಲು ಬಿಚ್ಚಿದರೆ ಅದೇ ಅಂಟು ಅಲ್ಲೂ ಕಂದು ಗಟ್ಟಿಯಾಗಿ ಕೂತಿರುತ್ತದೆ. ಫ್ಲೋಟ್, ಅದರ ಸೂಜಿ, ಮೇನ್ ಜೆಟ್, ಪೈಲಟ್ ಜೆಟ್, ಇವನ್ನು ಬಿಚ್ಚಿದ ಕ್ರಮದಲ್ಲೇ ಬಿಳಿ ಅರಿವೆಯ ಮೇಲೆ ಜೋಡಿಸಿಡಿ. ಪೆಟ್ರೋಲಿನಲ್ಲಿ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ಪಂಪಿನಿಂದ ಊದಿ. ಪೈಲಟ್ ಜೆಟ್ಟಿನ ತೂತನ್ನು ಸೂರ್ಯನ ಕಡೆ ಹಿಡಿದು ನೋಡಿದರೆ ದುಂಡನೆಯ ಬೆಳಕಿನ ಚುಕ್ಕೆ ಕಾಣಬೇಕು. ಕಾಣದಿದ್ದರೆ ಜನ ಕೂಡಲೇ ಕೈಹಾಕುವುದು ಸ್ಟೋವಿನ ಪಿನ್ನಿಗೆ. ಜೆಟ್ ಹಿತ್ತಾಳೆಯದು, ಪಿನ್ ಉಕ್ಕಿನದು. ತೂತು ದೊಡ್ಡದಾದ ಮೇಲೆ ಗಾಡಿ ಜನ್ಮದಲ್ಲಿ ಸರಿಯಾಗಿ ಐಡ್ಲಿಂಗ್ ನಿಲ್ಲುವುದಿಲ್ಲ. ಕಸಬರಿಗೆಯ ತುದಿ ಕಡ್ಡಿ ಸಾಕು. ಪೆಟ್ರೋಲ್ ಪೈಪನ್ನು ಹೊಸದಾಗಿ ಹಾಕಲೇಬೇಕು.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇದೆ. ಯೆಜ್ಡಿ ಮಾಡಿದವರು ಇದನ್ನು ಕನಸಿನಲ್ಲೂ ಎಣಿಸಿರಲಿಲ್ಲ. ಎಥೆನಾಲ್ ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಗಾಳಿಯ ತೇವ ಹೀರಿಕೊಳ್ಳುತ್ತದೆ. ನೀರು ಹೆಚ್ಚಾದರೆ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಓಡಿಸುವಷ್ಟು ಹಾಕಿಸಿ ಖಾಲಿ ಮಾಡುವುದೇ ಇದಕ್ಕಿರುವ ಉಪಾಯ. ಟಾಕಿ ತುಂಬಿಸಿ ಮತ್ತೆ ಆರು ತಿಂಗಳು ನಿಲ್ಲಿಸಿದರೆ ಈವರೆಗಿನ ಕೆಲಸವೆಲ್ಲ ಮೊದಲಿನಿಂದ. ಎಣ್ಣೆಯ ಪ್ರಮಾಣ ಲೀಟರಿಗೆ 40 ಮಿಲಿ ಟು-ಟಿ, ಅಂದರೆ 25ಕ್ಕೆ 1. ಟಾಕಿಗೆ ನೇರ ಸುರಿಯುವ ಬದಲು ಕ್ಯಾನಿನಲ್ಲಿ ಬೆರೆಸಿ ಚೆನ್ನಾಗಿ ಅಲುಗಿಸಿ ಹಾಕಿ. ಹೊಗೆ ಕಡಿಮೆ ಆಗಲಿ ಎಂದು ಎಣ್ಣೆ ಕಡಿಮೆ ಮಾಡುವವರಿದ್ದಾರೆ. ಅವರು ಉಳಿಸುವುದು ಎಣ್ಣೆಯ ದುಡ್ಡು, ಕಳೆಯುವುದು ಪಿಸ್ಟನ್.

ಗೇರ್ ಬಾಕ್ಸಿನ ಆಯಿಲ್ ಇದಕ್ಕಿಂತ ಬೇರೆ, ಅದನ್ನೂ ಬದಲಿಸಬೇಕು. ಹಳೆಯದನ್ನು ಬಸಿಯುವಾಗ ಎರಡು ಸಂಗತಿ ಗಮನಿಸಿ. ಹಾಲು ಬೆರೆಸಿದಂತೆ ಬಂದರೆ ನೀರು ಹೊಕ್ಕಿದೆ. ಹೊರಗೆಲ್ಲೂ ಸೋರಿದ ಗುರುತಿಲ್ಲದೆ ತೀರ ಕಡಿಮೆ ಬಂದರೆ ಅದು ಹೋದದ್ದು ಕ್ರ್ಯಾಂಕ್ ಕೇಸಿಗೆ, ಹೋದ ದಾರಿ ಎಡಬದಿಯ ಆಯಿಲ್ ಸೀಲ್.

ಈ ಸೀಲುಗಳ ಬಗ್ಗೆ ನಿಧಾನವಾಗಿ ಹೇಳಬೇಕು, ಯಾಕೆಂದರೆ ನಿಂತುಹೋದ ಟು-ಸ್ಟ್ರೋಕ್ ಗಾಡಿಗಳು ಸ್ಟಾರ್ಟ್ ಆದ ಮೇಲೂ ಸರಿಯಾಗಿ ಓಡದಿರುವುದಕ್ಕೆ ಹೆಚ್ಚಿನ ಸಲ ಇವೇ ಕಾರಣ. ಟು-ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ ಕೇಸೇ ಒಂದು ಪಂಪು. ಪಿಸ್ಟನ್ ಮೇಲೆ ಹೋದಾಗ ಕೆಳಗೆ ಗಾಳಿ-ಪೆಟ್ರೋಲ್ ಎಳೆದುಕೊಳ್ಳುತ್ತದೆ, ಕೆಳಗೆ ಬಂದಾಗ ಅದನ್ನೇ ಒತ್ತಿ ಮೇಲಕ್ಕೆ ಕಳಿಸುತ್ತದೆ. ಆ ಕೋಣೆ ಬಿಗಿಯಾಗಿ ಮುಚ್ಚಿರುವುದು ಕ್ರ್ಯಾಂಕಿನ ಎರಡು ಬದಿಯ ರಬ್ಬರ್ ಸೀಲುಗಳಿಂದ. ವರ್ಷಗಟ್ಟಲೆ ನಿಂತಾಗ ಅವು ಒಣಗಿ ಕಲ್ಲಾಗುತ್ತವೆ. ಡೈನಮೋ ಬದಿಯ ಸೀಲ್ ಹೋದರೆ ಹೊರಗಾಳಿ ಒಳಗೆ ಬರುತ್ತದೆ: ಐಡ್ಲಿಂಗ್ ನಿಲ್ಲುವುದಿಲ್ಲ, ಎಕ್ಸಲೇಟರ್ ಬಿಟ್ಟರೂ ಎಂಜಿನ್ ತನ್ನಷ್ಟಕ್ಕೆ ಏರುತ್ತದೆ, ಪೆಟ್ರೋಲ್ ಸಾಲದೆ ಪಿಸ್ಟನ್ ಕಾಯುತ್ತದೆ. ಜನ ಕಾರ್ಬೋರೇಟರನ್ನು ದೂರುತ್ತ ಸ್ಕ್ರೂ ತಿರುವುತ್ತ ಕೂಡುತ್ತಾರೆ. ಕ್ಲಚ್ ಬದಿಯ ಸೀಲ್ ಹೋದರೆ ಗೇರ್ ಆಯಿಲನ್ನೇ ಎಳೆದುಕೊಂಡು ಸುಡುತ್ತದೆ, ಓಣಿ ತುಂಬ ದಟ್ಟ ಬಿಳಿ ಹೊಗೆ. ಮೊದಲ ಐದು ನಿಮಿಷ ಹೊಗೆ ಬರುವುದು ಸಹಜ, ನೀವೇ ಸುರಿದ ಎಣ್ಣೆ ಅದು. ಕಾಲು ಗಂಟೆ ಆದರೂ ನಿಲ್ಲದಿದ್ದರೆ ಸೀಲ್. ಡೈನಮೋ ಬದಿಯದನ್ನು ಮನೆಯಲ್ಲೇ ಬದಲಿಸಬಹುದು. ಎಡಬದಿಯದಕ್ಕೆ ಕ್ಲಚ್, ಪ್ರೈಮರಿ ಚೈನ್ ಬಿಚ್ಚಬೇಕು, ಪುಲ್ಲರ್ ಬೇಕು. ಪುಲ್ಲರ್ ಇಲ್ಲದೆ ಸ್ಕ್ರೂಡ್ರೈವರಿನಿಂದ ಮೀಟುವುದಾದರೆ ಆ ಕೆಲಸಕ್ಕೆ ಕೈಹಾಕದೆ ಯೆಜ್ಡಿ ಬಲ್ಲ ಹಳೆಯ ಮೇಸ್ತ್ರಿಯ ಹತ್ತಿರ ಒಯ್ಯುವುದು ಅಗ್ಗ.

ಸಾಮಾನು ಸಿಗುತ್ತದೆಯೇ ಎಂದರೆ, ಸಿಗುತ್ತದೆ. ಕಾರ್ಖಾನೆ ಮುಚ್ಚಿದರೂ ಗಾಡಿಯ ಮೇಲಿನ ಹುಚ್ಚು ಹೋಗಿಲ್ಲ. ಪ್ರತಿ ವರ್ಷ ಜುಲೈ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ ಎಂದು ಊರೂರಲ್ಲಿ ಸೇರುತ್ತಾರೆ, ಯಾವ ಸೀಲು ಎಲ್ಲಿ ಸಿಗುತ್ತದೆ ಎಂದು ಅಲ್ಲಿ ಕೇಳಿದರೆ ತಾಸುಗಟ್ಟಲೆ ಹೇಳುತ್ತಾರೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲೂ ವಿಚಾರಿಸಬಹುದು. ಆದರೆ ಈಗ ಮಾಡಿ ಮಾರುವ ಭಾಗಗಳ ಗುಣ ಒಂದೇ ಸಮನಾಗಿಲ್ಲ. ಆದ್ದರಿಂದ ಗಾಡಿಯಲ್ಲಿದ್ದ ಮೈಸೂರಿನ ಮೂಲ ಭಾಗವನ್ನು, ಸವೆದಿದ್ದರೂ, ಗುಜರಿಗೆ ಹಾಕಬೇಡಿ. ತೊಳೆದು ಎಣ್ಣೆ ಹಚ್ಚಿ ಡಬ್ಬಿಯಲ್ಲಿಡಿ.

ಸ್ಟಾರ್ಟ್ ಮಾಡುವುದನ್ನು ಬಯಲಲ್ಲೇ ಮಾಡಿ, ಕೋಣೆಯೊಳಗೆ ಬೇಡ, ಹೊಗೆಯ ವಿಷ ಕಣ್ಣಿಗೆ ಕಾಣುವುದಿಲ್ಲ. ಬಣವೆಯಿಂದಂತೂ ದೂರ. ಪಕ್ಕದಲ್ಲಿ ಒಂದು ಬುಟ್ಟಿ ಉಸುಕು ಇರಲಿ. ಕಾಕ್ ತೆರೆದು ಸೋರುತ್ತಿಲ್ಲ ಎಂದು ನೋಡಿ, ಕೀಲಿ ತಿರುವದೆ ನಾಲ್ಕೈದು ಸಲ ಮೆಲ್ಲಗೆ ಕಿಕ್ ತಳ್ಳಿ; ಬೆರಕೆ ಪೆಟ್ರೋಲ್ ಬೇರಿಂಗಿಗೆ ತಲುಪಲಿ. ಈಗ ಕೀಲಿ, ಈಗ ಒದೆಯಿರಿ. ಹತ್ತಿಕೊಂಡ ಕೂಡಲೇ ಹಿಗ್ಗಿನಿಂದ ಎಕ್ಸಲೇಟರ್ ತಿರುವುವ ಚಟ ಎಲ್ಲರಿಗೂ ಇದೆ. ಬೇಡ. ಎರಡು ಮೂರು ನಿಮಿಷ ಓಡಿಸಿ ನಿಲ್ಲಿಸಿ, ಪೂರ್ತಿ ಆರಲು ಬಿಟ್ಟು ಮತ್ತೆ ಓಡಿಸಿ. ಕೀಲಿ ಬಂದ್ ಮಾಡಿದರೂ ನಿಲ್ಲದೆ ಏರುತ್ತಲೇ ಹೋದರೆ ಗಾಬರಿಯಾಗದೆ ಕಾರ್ಬೋರೇಟರಿನ ಗಾಳಿ ಬಾಯಿಗೆ ಒದ್ದೆ ಅರಿವೆ ಒತ್ತಿ.

ಕ್ಲಚ್ ಪ್ಲೇಟುಗಳು ಅಂಟಿಕೊಂಡಿದ್ದರೆ ಗೇರು ಹಾಕಿದ ಕೂಡಲೇ ಗಾಡಿ ಜಿಗಿಯುತ್ತದೆ. ಎಂಜಿನ್ ಬಂದ್ ಇದ್ದಾಗಲೇ ಕ್ಲಚ್ ಹಿಡಿದು, ಎರಡನೇ ಗೇರಿನಲ್ಲಿ ಹಿಂದೆ ಮುಂದೆ ತಳ್ಳಿದರೆ ಬಿಡುತ್ತವೆ. ಬ್ರೇಕ್ ಲೈನರ್, ಕೇಬಲ್, ಟೈರ್ ಇವುಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ: ಟೈರಿನ ಬದಿಯಲ್ಲಿ ಬಿರುಕಿದ್ದರೆ ಆಟಿ ಎಷ್ಟೇ ಇರಲಿ, ಬದಲಿಸಿ.

ನರೇಗಲ್‌ವರೆಗೆ ಹೋಗಿಬಂದ ಮೇಲೆ ಪ್ಲಗ್ ಬಿಚ್ಚಿ ನೋಡಿ. ತುದಿ ಇಟ್ಟಂಗಿ ಬಣ್ಣಕ್ಕೆ ತಿರುಗಿದ್ದರೆ ಪೆಟ್ರೋಲ್-ಗಾಳಿ ಸರಿಯಿದೆ. ಒದ್ದೆ ಕಪ್ಪಾದರೆ ಪೆಟ್ರೋಲ್ ಹೆಚ್ಚು, ಕಾರ್ಬೋರೇಟರಿನ ಸೂಜಿ ಒಂದು ಗೀರು ಇಳಿಸಿ. ಬೆಳ್ಳಗಿದ್ದರೆ ಗಾಡಿ ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ ಸೀಲ್, ಪ್ಯಾಕಿಂಗ್, ಜೆಟ್ ಮತ್ತೊಮ್ಮೆ ನೋಡಬೇಕು. ಹೆಡ್ಡಿನ ನಟ್ಟುಗಳನ್ನು ಎಂಜಿನ್ ಆರಿದ ಮೇಲೆ ಮತ್ತೆ ಬಿಗಿಮಾಡಿ.

ಕಾಗದಪತ್ರ ಇನ್ನೊಂದು ಕೆಲಸ. ಖಾಸಗಿ ಗಾಡಿಯ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು. ಗದಗ ಜಿಲ್ಲೆಯಾದದ್ದು 1997ರಲ್ಲಿ. ನಿಮ್ಮ ಯೆಜ್ಡಿ ಅದಕ್ಕೂ ಹಿಂದಿನದಾದ್ದರಿಂದ ಅದರ ಮೂಲ ದಾಖಲೆ ಧಾರವಾಡದ ಆರ್‌ಟಿಒ ಕಚೇರಿಯಲ್ಲಿರಬಹುದು, ಆರ್‌ಸಿ ಇನ್ನೂ ಅಜ್ಜನ ಹೆಸರಿನಲ್ಲೇ ಇರಬಹುದು. ಟಾಕಿ ನಿಂಬೆ ಉಪ್ಪಿನಲ್ಲಿ ನೆನೆಯುತ್ತಿರುವಾಗ ಟ್ರಂಕಿನಲ್ಲಿ ಆ ಆರ್‌ಸಿ ಪುಸ್ತಕ ಹುಡುಕಿ, ಚಾಸಿ ಮೇಲಿನ ನಂಬರಿಗೂ ಅದರಲ್ಲಿರುವ ನಂಬರಿಗೂ ತಾಳೆ ನೋಡಿಬಿಡಿ. ಅದು ಸಿಗದಿದ್ದರೆ ಹೊಸ ಟೈರಿಗೆ ದುಡ್ಡು ಹಾಕುವುದನ್ನು ಸದ್ಯಕ್ಕೆ ತಡೆಯಿರಿ.